ಯುಎಸ್‌ಎಸ್ ಸೇಲಂ: ಒಂದು ಕ್ರೂಸರ್‌ನ ಸೇವಾ ಚರಿತ್ರೆ, ಅದರ ದೆವ್ವದ ಕಥೆಗಳು – ಪದೇ ಪದೇ ಕೇಳುವ ಪ್ರಶ್ನೆಗಳು

ಸೇಲಂ ಎಂದರೆ ತಮಿಳುನಾಡಿನ ಸೇಲಂ ಊರೇ?

ಅಲ್ಲ. ಯುಎಸ್‌ಎಸ್ ಸೇಲಂ ಅಮೆರಿಕದ ನೌಕಾಪಡೆಯ ಹಳೆಯ ಕ್ರೂಸರ್, ಅಂದರೆ ತೋಪುಗಳ ದೊಡ್ಡ ಯುದ್ಧನೌಕೆ, ಈಗ ವಸ್ತುಸಂಗ್ರಹಾಲಯ. ಅದಕ್ಕೆ ಹೆಸರು ಬಂದದ್ದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸೇಲಂನಿಂದ. 1692ರಲ್ಲಿ ಮಾಟಗಾತಿಯರೆಂದು ಆರೋಪ ಹೊರಿಸಿ 19 ಜನರನ್ನು ನೇಣಿಗೇರಿಸಿದ ಊರು. ಇನ್ನೊಬ್ಬರನ್ನು ಮೈಮೇಲೆ ಕಲ್ಲು ಹೇರಿ ಕೊಂದರು. ಆ ಊರಿನ ಹೆಸರು ಹೊತ್ತದ್ದರಿಂದಲೇ ನಾವಿಕರು ಈ ಹಡಗಿಗೆ ‘ಸೀ ವಿಚ್’, ಅಂದರೆ ಕಡಲ ಮಾಟಗಾತಿ ಎಂಬ ಅಡ್ಡಹೆಸರು ಇಟ್ಟರು. ಗಮನಿಸಿ, ಈ ಹೆಸರಿಟ್ಟದ್ದು ದೆವ್ವದ ಕಥೆಗಳನ್ನು ಕೇಳಿ ಅಲ್ಲ. ಹೆಸರು ಮೊದಲು ಬಂತು, ಕಥೆಗಳು ಆಮೇಲೆ ಬಂದವು.

‘ಭೂತ’ ಎನ್ನದೆ ‘ದೆವ್ವ’ ಎಂದೇ ಏಕೆ ಬರೆದಿದೆ?

ಮಂಗಳೂರು, ಉಡುಪಿ ಕಡೆಯವರಿಗೆ ಭೂತ ಎಂದರೆ ದೈವ, ಕೋಲ ಕಟ್ಟಿ ಆರಾಧಿಸುವ ಶಕ್ತಿ. ಹಡಗಿನಲ್ಲಿ ಓಡಾಡುತ್ತವೆ ಎನ್ನುವ ಸತ್ತವರ ನೆರಳುಗಳಿಗೂ ಅದಕ್ಕೂ ಸಂಬಂಧವಿಲ್ಲ. ಹಾಗಾಗಿ ಇಲ್ಲಿ ದೆವ್ವ ಎಂಬ ಪದವನ್ನೇ ಬಳಸಿದ್ದೇವೆ.

ಹಡಗಿನ ಮುಖ್ಯ ದಿನಾಂಕಗಳು ಯಾವುವು?

ಕೀಲ್ (ಹಡಗಿನ ತಳದ ಬೆನ್ನೆಲುಬು) ಇಟ್ಟದ್ದು 1945ರ ಜುಲೈ 4ರಂದು, ಬಾಸ್ಟನ್‌ನ ದಕ್ಷಿಣಕ್ಕಿರುವ ಕ್ವಿನ್ಸಿ ಪಟ್ಟಣದ ಫೋರ್ ರಿವರ್ ಹಡಗುಕಟ್ಟೆಯಲ್ಲಿ. (ಅಲ್ಲಿನವರು ಊರಿನ ಹೆಸರನ್ನು ‘ಕ್ವಿನ್‌ಜಿ’ ಎನ್ನುತ್ತಾರೆ. ದಾರಿ ಕೇಳುವಾಗ ಹಾಗೆ ಕೇಳಿದರೆ ಬೇಗ ತಿಳಿಯುತ್ತದೆ.) ನೀರಿಗಿಳಿದದ್ದು 1947ರ ಮಾರ್ಚ್ 25. ಸೇವೆಗೆ ಸೇರಿದ್ದು 1949ರ ಮೇ 14. ಸೇವೆಯಿಂದ ನಿವೃತ್ತಿ 1959ರ ಜನವರಿ 30. ನೌಕಾಪಡೆಯ ಪಟ್ಟಿಯಿಂದ ಹೆಸರು ತೆಗೆದದ್ದು 1991ರ ಜುಲೈ 12. ಹುಟ್ಟಿದ ಊರಿಗೇ ಮರಳಿದ್ದು 1994ರ ಅಕ್ಟೋಬರ್‌ನಲ್ಲಿ, ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆದದ್ದು 1995ರ ಮೇ ತಿಂಗಳಲ್ಲಿ.

ಕೀಲ್ ಇಟ್ಟ ಎರಡೇ ತಿಂಗಳಿಗೆ ಎರಡನೇ ಮಹಾಯುದ್ಧ ಮುಗಿಯಿತು. ಯಾವ ಯುದ್ಧಕ್ಕಾಗಿ ಕಟ್ಟಲು ತೊಡಗಿದರೋ ಆ ಯುದ್ಧವನ್ನು ಈ ಹಡಗು ನೋಡಲೇ ಇಲ್ಲ. ಬಳಿಕ ಹತ್ತು ವರ್ಷವೂ ತುಂಬದ ಸೇವೆ, ಮೂವತ್ತೆರಡು ವರ್ಷ ಫಿಲಡೆಲ್ಫಿಯಾದ ಮೀಸಲು ಹಡಗುಗಳ ಸಾಲಿನಲ್ಲಿ ಸುಮ್ಮನೆ ನಿಂತ ಬದುಕು. ಕಥೆಗಳ ಲೆಕ್ಕ ಹಾಕುವಾಗ ಇದನ್ನು ನೆನಪಿಡಿ: ಹಡಗಿನಲ್ಲಿ ಜನ ತುಂಬಿದ್ದ ಕಾಲಕ್ಕಿಂತ ಬರಿದಾಗಿದ್ದ ಕಾಲವೇ ಮೂರು ಪಟ್ಟು ಹೆಚ್ಚು.

ಎಷ್ಟು ದೊಡ್ಡದು? ಅದರ ತೋಪುಗಳಲ್ಲಿ ಏನು ವಿಶೇಷ?

ಉದ್ದ ಸುಮಾರು 218 ಮೀಟರ್, ಅಗಲ 23 ಮೀಟರ್. ನಾಲ್ಕು ಬಾಯ್ಲರ್, ನಾಲ್ಕು ಪ್ರೊಪೆಲ್ಲರ್, 1,20,000 ಅಶ್ವಶಕ್ತಿ, ಸುಮಾರು 33 ನಾಟ್ ವೇಗ, ಅಂದರೆ ಗಂಟೆಗೆ 60 ಕಿ.ಮೀ.ಗೂ ಹೆಚ್ಚು. ಅಧಿಕಾರಿಗಳೂ ನಾವಿಕರೂ ಸೇರಿ ಸುಮಾರು 1,800 ಜನ.

ವಿಶೇಷ ಇರುವುದು ತೋಪುಗಳಲ್ಲೇ. ಮೂರು ಟರೆಟ್ (ತೋಪುಗಳನ್ನು ಹೊತ್ತು ತಿರುಗುವ ಉಕ್ಕಿನ ಗೋಪುರ), ಒಂದೊಂದರಲ್ಲಿ ಮೂರರಂತೆ ಒಟ್ಟು ಒಂಬತ್ತು ಎಂಟು ಇಂಚಿನ ತೋಪುಗಳು. ಹಿಂದಿನ ಹೆವಿ ಕ್ರೂಸರ್‌ಗಳಲ್ಲಿ ಗುಂಡನ್ನು ಒಳಗೆ ತಳ್ಳಿ, ಅದರ ಹಿಂದೆ ರೇಷ್ಮೆ ಚೀಲದಲ್ಲಿ ತುಂಬಿದ ಮದ್ದನ್ನು ಇಡುತ್ತಿದ್ದರು. ತುಂಬಲು ನಳಿಗೆಯನ್ನು ಒಂದು ನಿಗದಿತ ಕೋನಕ್ಕೆ ಇಳಿಸಬೇಕಿತ್ತು, ನಿಮಿಷಕ್ಕೆ ಮೂರು ನಾಲ್ಕು ಸುತ್ತು ಹಾರಿಸಿದರೆ ಹೆಚ್ಚು. ಸೇಲಂನಲ್ಲಿ ಮದ್ದು ಲೋಹದ ಕೇಸಿನೊಳಗಿರುತ್ತದೆ. ಯಂತ್ರವೇ ಗುಂಡನ್ನೂ ಕೇಸನ್ನೂ ಎತ್ತಿ ತಂದು, ನಳಿಗೆ ಯಾವ ಕೋನದಲ್ಲಿದ್ದರೂ ತುಂಬುತ್ತದೆ. ಹೀಗಾಗಿ ಒಂದು ನಳಿಗೆಗೆ ನಿಮಿಷಕ್ಕೆ 10 ಸುತ್ತು. ರಕ್ಷಾಕವಚ ಭೇದಿಸುವ ಒಂದು ಗುಂಡಿನ ತೂಕ 152 ಕೆ.ಜಿ. ಒಂಬತ್ತು ನಳಿಗೆಗಳನ್ನೂ ಲೆಕ್ಕ ಹಾಕಿದರೆ ನಿಮಿಷಕ್ಕೆ 90 ಗುಂಡು, ಹದಿಮೂರೂವರೆ ಟನ್ನಿಗೂ ಹೆಚ್ಚು ಉಕ್ಕು, 27 ಕಿ.ಮೀ. ದೂರಕ್ಕೆ.

ಇಷ್ಟಿದ್ದೂ ಈ ತೋಪುಗಳು ಶತ್ರುವಿನ ಮೇಲೆ ಒಮ್ಮೆಯೂ ಸಿಡಿಯಲಿಲ್ಲ.

ಹಾಗಾದರೆ ಹತ್ತು ವರ್ಷ ಮಾಡಿದ್ದೇನು?

ಮುಖ್ಯ ಕೆಲಸ ಮೆಡಿಟರೇನಿಯನ್ ಕಡಲಿನಲ್ಲಿ ಅಮೆರಿಕದ ಆರನೇ ನೌಕಾದಳದ ಧ್ವಜನೌಕೆಯಾಗಿ ನಿಲ್ಲುವುದು. ಅಡ್ಮಿರಲ್ ಇರುವ ಹಡಗು ಎಂದರೆ ರೇಡಿಯೊ ಕೋಣೆಗಳು, ನಕಾಶೆ ಕೋಣೆಗಳು, ಅತಿಥಿಗಳಿಗೆ ಔತಣ, ಬಂದರಿನಿಂದ ಬಂದರಿಗೆ ಭೇಟಿ. 1949ರ ನವೆಂಬರ್ 17ರಂದು ಸೋದರ ನೌಕೆ ನ್ಯೂಪೋರ್ಟ್ ನ್ಯೂಸ್‌ನಿಂದ ಆ ಹೊಣೆ ಮೊದಲ ಬಾರಿಗೆ ಸೇಲಂಗೆ ಬಂತು. ಅಲ್ಲಿಂದ ಮುಂದೆ ಮಾಲ್ಟಾ, ಇಟಲಿ, ಫ್ರಾನ್ಸ್, ಗ್ರೀಸ್, ಟರ್ಕಿ, ಲೆಬನಾನ್ ಹೀಗೆ ಅದೇ ಕಡಲಲ್ಲಿ ಮತ್ತೆ ಮತ್ತೆ ಓಡಾಟ. 1956ರ ಮೇ ತಿಂಗಳಲ್ಲಿ ಅಮೆರಿಕದ ನಾರ್ಫಕ್ ನೌಕಾನೆಲೆ ಬಿಟ್ಟು ಫ್ರಾನ್ಸಿನ ವಿಲ್‌ಫ್ರಾಂಷ್ ಬಂದರನ್ನೇ ನೆಲೆ ಮಾಡಿಕೊಂಡಿತು. ಆ ವರ್ಷದ ಸೂಯೆಜ್ ಬಿಕ್ಕಟ್ಟಿನ ಹೊತ್ತಿಗೆ ಅದು ಪೂರ್ವ ಮೆಡಿಟರೇನಿಯನ್‌ನಲ್ಲಿ ನಿಂತಿತ್ತು. 1958ರಲ್ಲಿ ನಿವೃತ್ತಿಗೆ ಸಿದ್ಧವಾಗುತ್ತಿದ್ದಾಗ ಲೆಬನಾನ್ ಬಿಕ್ಕಟ್ಟು ಬಂದು ಕೆಲವು ತಿಂಗಳು ಆಯುಸ್ಸು ಹೆಚ್ಚಿತು. ಆ ಅವಧಿಯಲ್ಲಿ ಎರಡನೇ ನೌಕಾದಳದ ಧ್ವಜನೌಕೆಯಾಗಿ ಕೊನೆಯದಾಗಿ ದುಡಿಯಿತು.

ನಿವೃತ್ತಿಗೆ ಕಾರಣ ಸರಳ. ಕ್ಷಿಪಣಿಗಳ ಕಾಲ ಬಂದಿತ್ತು. 1,800 ಜನರ ಊಟ, ಸಂಬಳ, ಇಂಧನ ಬೇಡುವ ತೋಪಿನ ಹಡಗು ದುಬಾರಿಯಾಗಿ ಕಂಡಿತು.

ದೆವ್ವದ ಕಥೆಗಳೆಲ್ಲ 1953ರ ಭೂಕಂಪಕ್ಕೇ ಬಂದು ನಿಲ್ಲುತ್ತವಲ್ಲ, ಆಗ ನಡೆದದ್ದೇನು?

ಇಡೀ ವಿಷಯದ ತಿರುಳು ಇದೇ. ಆದ್ದರಿಂದ ಸ್ವಲ್ಪ ವಿವರವಾಗಿ.

1953ರ ಆಗಸ್ಟ್ 9, 11 ಮತ್ತು 12ರಂದು ಗ್ರೀಸಿನ ಪಶ್ಚಿಮದ ಅಯೋನಿಯನ್ ದ್ವೀಪಗಳಲ್ಲಿ ನೆಲ ನಡುಗಿತು. 12ರದ್ದೇ ಎಲ್ಲಕ್ಕಿಂತ ದೊಡ್ಡದು, ತೀವ್ರತೆ 7ಕ್ಕೂ ಮೇಲೆ. ಕೆಫಲೋನಿಯಾ ದ್ವೀಪದ ನೆಲವೇ ಕೆಲವು ಕಡೆ 60 ಸೆಂ.ಮೀ.ನಷ್ಟು ಮೇಲೆದ್ದಿತು. ಅಲ್ಲಿ ಉತ್ತರ ತುದಿಯ ಫಿಸ್ಕಾರ್ಡೊ ಬಿಟ್ಟರೆ ಉಳಿದ ಊರುಗಳೆಲ್ಲ ಬಹುತೇಕ ನೆಲಸಮ. ಜಾಕಿಂತೋಸ್ ಪಟ್ಟಣದಲ್ಲಿ ಕುಸಿತದ ಮೇಲೆ ಬೆಂಕಿಯೂ ಬಿತ್ತು. ನೂರಾರು ಜನ ಸತ್ತರು, ಸಾವಿರಾರು ಜನ ಮನೆ ಕಳೆದುಕೊಂಡರು, ಆಮೇಲೆ ಬಹಳಷ್ಟು ಮಂದಿ ದ್ವೀಪ ಬಿಟ್ಟೇ ಹೋದರು.

ನೆರವಿಗೆ ಮೊದಲು ತಲುಪಿದ್ದು ಆ ಹೊತ್ತಿಗೆ ಅದೇ ಕಡಲಲ್ಲಿದ್ದ ಇಸ್ರೇಲಿನ ನೌಕೆಗಳು. ಬ್ರಿಟನ್ನಿನ ಡೇರಿಂಗ್ ಮುಂತಾದ ಹಡಗುಗಳೂ ಬಂದವು. ಸೇಲಂ 13ರಿಂದ ನೆರವಿಗೆ ನಿಂತಿತು. ತನ್ನ ಸ್ವಂತ ದಾಸ್ತಾನು ಬರಿದಾಗುವ ಹಂತಕ್ಕೆ ಬರುವವರೆಗೂ ಕೊಟ್ಟಿತು. ಆ ಕೆಲಸ ನಡೆದದ್ದು ಕೆಲವೇ ದಿನ.

ಯುದ್ಧನೌಕೆ ಭೂಕಂಪಕ್ಕೆ ಹೇಗೆ ನೆರವಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಭೂಕಂಪವಾದ ದ್ವೀಪದಲ್ಲಿ ಮೊದಲು ಕೈಕೊಡುವುದು ನೀರು. ಕೊಳವೆ ಒಡೆದಿರುತ್ತದೆ, ಬಾವಿ ಕುಸಿದಿರುತ್ತದೆ. ಬಾಯ್ಲರ್‌ಗಾಗಿ ಕಡಲ ನೀರನ್ನು ಭಟ್ಟಿ ಇಳಿಸುವ ಯಂತ್ರ ಇಂಥ ಹಡಗಿನಲ್ಲಿ ಹೇಗೂ ಇರುತ್ತದೆ. ವೈದ್ಯರು, ಶಸ್ತ್ರಚಿಕಿತ್ಸೆಯ ಮೇಜು, 1,800 ಜನಕ್ಕೆ ಬೇಯಿಸುವ ಅಡುಗೆಮನೆ, ರೊಟ್ಟಿ ಸುಡುವ ಒಲೆ, ದೂರಕ್ಕೆ ಮಾತಾಡುವ ರೇಡಿಯೊ ಎಲ್ಲವೂ ಒಂದೇ ಕಡೆ. ದಡದಲ್ಲಿ ಜೆಟ್ಟಿ ಬಿದ್ದಿದ್ದರೆ ಸಣ್ಣ ದೋಣಿಗಳಲ್ಲಿ ಸಾಗಿಸುತ್ತಾರೆ. ಇಲ್ಲಿ ಕೊರತೆ ಬೀಳುವುದು ಬ್ಯಾಂಡೇಜು, ಹೊದಿಕೆ, ಔಷಧ. ಇವನ್ನು ಹಡಗು ತನ್ನ ಸಿಬ್ಬಂದಿಯ ಲೆಕ್ಕದಲ್ಲಿ ತುಂಬಿಕೊಂಡಿರುತ್ತದೆಯೇ ಹೊರತು ಒಂದು ದ್ವೀಪದ ಲೆಕ್ಕದಲ್ಲಲ್ಲ.

ಹಡಗು ಶವಾಗಾರವಾಗಿತ್ತು ಎನ್ನುತ್ತಾರಲ್ಲ?

ಕಥೆ ಹೇಳುವುದು ಹೀಗೆ: ಗಾಯಾಳುಗಳನ್ನು ಹಡಗಿಗೆ ತಂದರು, ಅವರಲ್ಲಿ ಹಲವರು ಅಲ್ಲೇ ಸತ್ತರು, ಶವಗಳನ್ನು ಹಿಂಬದಿಯ ಊಟದ ಹಾಲಿನಲ್ಲೋ ಶೈತ್ಯಕೋಣೆಯಲ್ಲೋ ಇಟ್ಟರು, ಅವರ ಆತ್ಮಗಳು ಅಲ್ಲೇ ಉಳಿದವು.

ಇದರಲ್ಲಿ ನೆರವಿನ ಕೆಲಸ ಗಟ್ಟಿ ದಾಖಲೆಯಲ್ಲಿದೆ. ಶವಾಗಾರದ ಮಾತು ಬಾಯಿಂದ ಬಾಯಿಗೆ ಬಂದದ್ದು. ಇಂತಿಷ್ಟು ಸಾವು, ಇಂತಿಷ್ಟು ಹೆರಿಗೆ ಎಂದು ಯಾರಾದರೂ ಸಂಖ್ಯೆ ಹೇಳಿದರೆ, ಯಾವ ತಾರೀಖಿನ ಡೆಕ್ ಲಾಗ್ (ಹಡಗಿನ ದಿನಚರಿ ಪುಸ್ತಕ), ಯಾವ ಪಾಳಿ ಎಂದು ಕೇಳಿ. ಹಡಗಿನ ಮೇಲೆ ಒಬ್ಬ ಪ್ರಯಾಣಿಕ ಸತ್ತರೂ ಲಾಗ್‌ನಲ್ಲಿ ಬರೆಯಬೇಕಾದ ವಿಷಯ ಅದು. ಪುಟ ತೋರಿಸಿದರೆ ನಂಬಿ. ತೋರಿಸದಿದ್ದರೆ ಅದನ್ನು ಕಥೆಯೆಂದೇ ಕೇಳಿ.

ನಮ್ಮ ಅಭಿಪ್ರಾಯವನ್ನೂ ಹೇಳಿಬಿಡುತ್ತೇವೆ. ತನ್ನ ಉಗ್ರಾಣ ಬರಿದು ಮಾಡಿಕೊಂಡು ಕೊಟ್ಟ ಆ ದಿನಗಳೇ ಈ ಹಡಗಿನ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ. ದೆವ್ವದ ಕಥೆಯಿಂದಾಗಿ ಕೆಫಲೋನಿಯಾ ಹೆಸರು ಇಂದಿಗೂ ಜನರ ಕಿವಿಗೆ ಬೀಳುತ್ತದೆ ಎಂಬುದು ನಿಜ. ಆದರೆ ಆ ದ್ವೀಪದವರು ಬರಿಯ ನೆರಳುಗಳಾಗಿ ಉಳಿಯಬಾರದು. ಕಥೆ ಹೇಳುವ ಪ್ರತಿಯೊಬ್ಬರೂ ಮೊದಲು ಭೂಕಂಪದ ಬಗ್ಗೆ ಎರಡು ಮಾತು ಹೇಳಲಿ.

ಹಡಗಿನಲ್ಲಿ ಏನೇನು ಕಾಣುತ್ತದೆ, ಕೇಳುತ್ತದೆ ಎನ್ನುತ್ತಾರೆ?

ಯಾರೂ ಇಲ್ಲದ ಕಡೆ ಬೂಟಿನ ಸದ್ದು. ಕಬ್ಬಿಣದ ಬಾಗಿಲು ಬಡಿದ ಸದ್ದು. ಚಿಕಿತ್ಸಾ ಕೋಣೆಯಲ್ಲಿ ಪಿಸುಮಾತು. ಅಡುಗೆಮನೆಯ ಹತ್ತಿರ ಯಾರೋ ಹಾದುಹೋದಂತೆ ನೆರಳು. ಒಂದೇ ಕೋಣೆಯಲ್ಲಿ ಒಂದು ಮೂಲೆ ಮಾತ್ರ ತಣ್ಣಗಿರುವುದು. ಪುಟ್ಟ ಹುಡುಗಿಯ ದನಿ ಕೇಳಿತೆಂದೂ ಹೇಳುವುದುಂಟು. ದೆವ್ವ ಹುಡುಕುವ ಟಿ.ವಿ. ಕಾರ್ಯಕ್ರಮದವರು ಬಂದು ಹೋದ ಮೇಲೆ, ಹ್ಯಾಲೊವೀನ್ ಹೊತ್ತಿಗೆ ಹಡಗಿನಲ್ಲೇ ಬೆದರಿಸುವ ಆಟಗಳನ್ನು ಏರ್ಪಡಿಸಿದ ಮೇಲೆ ಇವು ಇನ್ನಷ್ಟು ಹರಡಿದವು. ಆ ಆಟಗಳಿಂದ ಬಂದ ಹಣ ಹಡಗಿನ ನಿರ್ವಹಣೆಗೆ ಒದಗುತ್ತದೆ. ಉಕ್ಕಿನ ಹಡಗನ್ನು ಉಪ್ಪುನೀರಿನಲ್ಲಿ ಉಳಿಸಿಕೊಳ್ಳುವ ಖರ್ಚು ಗೊತ್ತಿದ್ದವರು ಅದನ್ನು ತಪ್ಪೆನ್ನುವುದಿಲ್ಲ. ಒಂದು ತೊಡಕು ಮಾತ್ರ ಇದೆ: ಆಟಕ್ಕೆಂದು ಕಟ್ಟಿದ ಪಾತ್ರಗಳು ಮುಂದಿನ ವರ್ಷ ‘ನಿಜವಾಗಿ ಕಂಡದ್ದು’ ಎಂಬ ಪಟ್ಟಿಗೆ ಸೇರಿಬಿಡುತ್ತವೆ.

ಟರೆಟ್ ಸ್ಫೋಟದಲ್ಲಿ ಸತ್ತ ನಾವಿಕರ ದೆವ್ವ ಸೇಲಂನಲ್ಲಿದೆಯೇ?

ಆ ಸ್ಫೋಟ ಸೇಲಂನಲ್ಲಿ ಆಗಲಿಲ್ಲ. ಆದದ್ದು ನ್ಯೂಪೋರ್ಟ್ ನ್ಯೂಸ್‌ನಲ್ಲಿ, 1972ರ ಅಕ್ಟೋಬರ್ 1ರಂದು, ವಿಯೆಟ್ನಾಂ ಕರಾವಳಿಯಲ್ಲಿ. ಎರಡನೇ ಟರೆಟ್‌ನ ನಡುವಿನ ತೋಪಿನಲ್ಲಿ, ಗುಂಡಿನ ಸ್ಫೋಟಕ ಫ್ಯೂಸಿನ ದೋಷದಿಂದ ಗುಂಡು ನಳಿಗೆಯೊಳಗೇ ಸಿಡಿಯಿತು. 20 ಜನ ಸತ್ತರು. ಆ ಟರೆಟ್ ಮತ್ತೆ ದುರಸ್ತಿಯಾಗಲಿಲ್ಲ. ಹಡಗು 1990ರ ದಶಕದಲ್ಲಿ ಗುಜರಿಗೆ ಹೋಯಿತು. ಮೂರನೇ ಸೋದರಿ ಡೆ ಮೊಯಿನ್ ಕೂಡ 2006–07ರಲ್ಲಿ ಒಡೆದುಹೋಯಿತು. ಉಳಿದದ್ದು ಸೇಲಂ ಒಂದೇ. ಮೂರೂ ಹಡಗುಗಳು ನೋಡಲು ಒಂದೇ ರೀತಿ ಇದ್ದುದರಿಂದ ಒಂದರ ಸಾವನ್ನು ಇನ್ನೊಂದಕ್ಕೆ ಗಂಟು ಹಾಕುವುದು ಸುಲಭ. ಆ ಇಪ್ಪತ್ತು ಜನರ ಮನೆಯವರನ್ನು ನೆನೆದಾದರೂ ಈ ತಪ್ಪು ಮಾಡಬೇಡಿ.

ಹಡಗಿನಲ್ಲಿ ಕೇಳುವ ಸದ್ದುಗಳಿಗೆ ಬೇರೆ ಕಾರಣಗಳಿವೆಯೇ?

ಬಹಳ ಇವೆ. ಹಡಗಿನ ಒಳಗೆ ಒಂದು ರಾತ್ರಿ ಕಳೆಯುವವರು ಇವನ್ನು ಮೊದಲೇ ತಿಳಿದಿರಬೇಕು.

ಮೊದಲನೆಯದು ಬಿಸಿಲು. 218 ಮೀಟರ್ ಉದ್ದದ ಉಕ್ಕು 15 ಡಿಗ್ರಿ ಬಿಸಿಯಾದರೆ ಸುಮಾರು 4 ಸೆಂ.ಮೀ. ಹಿಗ್ಗುತ್ತದೆ. ಆದರೆ ಇಡೀ ಹಡಗು ಒಂದೇ ಸಮ ಬಿಸಿಯಾಗುವುದಿಲ್ಲ. ಡೆಕ್ ಕಾದಿರುತ್ತದೆ, ನೀರಿನೊಳಗಿನ ತಳ ತಣ್ಣಗಿರುತ್ತದೆ. ಸಂಜೆ ಡೆಕ್ ಆರತೊಡಗಿದಾಗ ಬೆಸುಗೆಗಳೂ ಬ್ರಾಕೆಟ್‌ಗಳೂ ಸ್ವಲ್ಪ ಸ್ವಲ್ಪವೇ ಜಾರಿ ‘ಟಣ್’ ಎನ್ನುತ್ತವೆ. ಒಂದರ ಹಿಂದೆ ಒಂದು ಬಂದರೆ ಯಾರೋ ನಡೆದಂತೆಯೇ ಕೇಳುತ್ತದೆ. ಕತ್ತಲಾದ ಮೊದಲ ಎರಡು ಮೂರು ಗಂಟೆಯಲ್ಲಿ ಹೆಜ್ಜೆ ಸದ್ದು ಹೆಚ್ಚು ಕೇಳಲು ಇದು ಮುಖ್ಯ ಕಾರಣ.

ಎರಡನೆಯದು ಉಬ್ಬರ ಇಳಿತ. ಬಾಸ್ಟನ್ ಬಂದರಿನಲ್ಲಿ ನೀರು ಸುಮಾರು ಮೂರು ಮೀಟರ್ ಏರಿಳಿಯುತ್ತದೆ. ನಮ್ಮ ಮಂಗಳೂರು ದಕ್ಕೆಯಲ್ಲಿ ಕಾಣುವುದಕ್ಕಿಂತ ಇದು ಬಹಳ ಹೆಚ್ಚು. ಪೂರ್ತಿ ಉಬ್ಬರದಿಂದ ಪೂರ್ತಿ ಇಳಿತಕ್ಕೆ ಆರು ಗಂಟೆ ಚಿಲ್ಲರೆ. ಹಡಗು ಇಳಿದಂತೆ ಕಟ್ಟುಹಗ್ಗಗಳು ಬಿಗಿಯುತ್ತವೆ, ದಕ್ಕೆಗೆ ಬಡಿಯದಂತೆ ಬದಿಗೆ ಕಟ್ಟಿದ ಫೆಂಡರ್‌ಗಳು ಉಜ್ಜುತ್ತವೆ, ನರಳಿದಂಥ ಸದ್ದು ಬರುತ್ತದೆ.

ಮೂರನೆಯದು ಉಕ್ಕೇ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ಉಕ್ಕಿನಲ್ಲಿ 5,000 ಮೀಟರಿಗೂ ಹೆಚ್ಚು ಹೋಗುತ್ತದೆ. ಹಿಂದಿನ ತುದಿಯಲ್ಲಿ ಯಾರೋ ಏಣಿ ಇಳಿದರೆ, ಆ ಸದ್ದು ಗೋಡೆಯ ಮೂಲಕ ಬಂದು ನಿಮ್ಮ ಪಕ್ಕದಲ್ಲೇ ಹೊರಡುತ್ತದೆ. ಎತ್ತ ಕಡೆಯಿಂದ ಬಂತೆಂದು ಕಿವಿಗೆ ಗೊತ್ತಾಗುವುದಿಲ್ಲ. ಗಾಳಿ ಕೊಳವೆಗಳು ಮಾತನ್ನೂ ಹೀಗೇ ಹೊತ್ತು ತರುತ್ತವೆ. ಪಿಸುಮಾತಿನ ಅರ್ಧ ಪಾಲು ಇನ್ನೊಂದು ಡೆಕ್‌ನಲ್ಲಿರುವ ಜೊತೆಗಾರರದ್ದೇ.

ತಣ್ಣನೆಯ ಮೂಲೆಗೆ ಕಾರಣ ತೀರ ಸರಳ: ನೀರಿನ ಮಟ್ಟಕ್ಕಿಂತ ಕೆಳಗೆ, ಹೊದಿಕೆ ಕಿತ್ತುಹೋದ ಬರಿಯ ಉಕ್ಕಿನ ಗೋಡೆ ಇದ್ದರೆ ಆಚೆ ಬದಿಯಲ್ಲಿ ಅಟ್ಲಾಂಟಿಕ್‌ನ ನೀರಿರುತ್ತದೆ.

ಕಿವಿಗೆ ಕೇಳದಷ್ಟು ಕೆಳದನಿಯ ಕಂಪನವೂ ಇದೆ. 1998ರಲ್ಲಿ ಬ್ರಿಟನ್ನಿನ ವಿಕ್ ಟ್ಯಾಂಡಿ ಎಂಬ ಎಂಜಿನಿಯರ್, ಪ್ರಯೋಗಾಲಯದಲ್ಲಿ ಆಗುತ್ತಿದ್ದ ಅಂಜಿಕೆಗೂ ಕಣ್ಣಂಚಿನ ನೆರಳಿಗೂ ಹೊಸದಾಗಿ ಹಾಕಿದ ಫ್ಯಾನಿನ 19 ಹರ್ಟ್ಜ್ ಕಂಪನವೇ ಕಾರಣ ಎಂದು ಬರೆದರು. ಆ ವಾದವನ್ನು ಎಲ್ಲರೂ ಒಪ್ಪಿಲ್ಲ. ಆದರೂ ಪಂಪು, ಬ್ಲೋವರ್ ಓಡುವ ಉಕ್ಕಿನ ಕೋಣೆಯಲ್ಲಿ ಅಳೆದು ನೋಡಲು ತಕ್ಕ ವಿಷಯ.

ರಾತ್ರಿ ಶೋಧಕ್ಕೆ ಹೋಗುವುದಾದರೆ ಹೇಗೆ ತಯಾರಾಗಬೇಕು?

ಅನುಮತಿ ಇಲ್ಲದೆ ಹೋಗಬಾರದು, ಅದು ಮೊದಲ ಮಾತು. ಅನುಮತಿ ಸಿಕ್ಕ ಮೇಲೆ, ರಾತ್ರಿಗೆ ಮುಂಚೆ ಹಗಲಿನಲ್ಲಿ ಒಮ್ಮೆ ನಡೆದು ಬನ್ನಿ. ಹೋಗುವ ಪ್ರತಿ ಕೋಣೆಯ ಬಾಗಿಲ ಮೇಲೆ ಬರೆದ ಸಂಖ್ಯೆಯನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಓಡುವ ಫ್ಯಾನು, ದಡದಿಂದ ಬರುವ ವಿದ್ಯುತ್ ಕೇಬಲ್, ಸರಿಯಾಗಿ ಮುಚ್ಚದ ಬಾಗಿಲು, ಬೆಳಕು ಒಳಬರುವ ಪೋರ್ಟ್‌ಹೋಲ್ ಎಲ್ಲಿವೆ ಎಂದು ಬರೆಯಿರಿ. ಆ ದಿನದ ಉಬ್ಬರ ಇಳಿತದ ಸಮಯ, ಸೂರ್ಯಾಸ್ತ, ಗಾಳಿಯ ವೇಗ ಅದೇ ಪುಟದಲ್ಲಿರಲಿ.

ನಾಲ್ಕರಿಂದ ಆರು ಜನ ಸಾಕು. ಹೆಚ್ಚಾದರೆ ನಿಮ್ಮ ಸದ್ದೇ ನಿಮಗೆ ದೆವ್ವ. ಒಬ್ಬರು ಒಂದೇ ಕಡೆ ಕುಳಿತು ಯಾರು, ಎಷ್ಟು ಹೊತ್ತಿಗೆ, ಯಾವ ಕೋಣೆಯಲ್ಲಿದ್ದಾರೆ ಎಂದು ಹಾಜರಿ ಬರೆಯಬೇಕು. ಈ ಹಾಜರಿ ಪುಸ್ತಕ ಇಲ್ಲದ ಶೋಧದಿಂದ ಏನನ್ನೂ ಸಾಬೀತು ಮಾಡಲಾಗದು.

ಧ್ವನಿಮುದ್ರಣ ಯಂತ್ರ ಕನಿಷ್ಠ ಎರಡು ಬೇಕು. ಒಂದನ್ನು ಕಥೆಯಿರುವ ಕೋಣೆಯಲ್ಲಿ, ಇನ್ನೊಂದನ್ನು ಯಾವ ಕಥೆಯೂ ಇಲ್ಲದ ಅಷ್ಟೇ ಗಾತ್ರದ ಕೋಣೆಯಲ್ಲಿ ಇಡಿ. ಎರಡನ್ನೂ ಬಟ್ಟೆಯ ಮೇಲೆ ಇರಿಸಿ, ನೇರ ಉಕ್ಕಿನ ಮೇಲೆ ಬೇಡ. ಆರಂಭದಲ್ಲಿ ಎರಡರ ಗಡಿಯಾರವನ್ನೂ ಹೊಂದಿಸಿ, ಒಂದು ಚಪ್ಪಾಳೆ ತಟ್ಟಿ ಗುರುತು ಮಾಡಿ. ಕೆಮ್ಮಿದರೆ, ಕಾಲು ಜಾರಿದರೆ, ಹೊಟ್ಟೆ ಗುರುಗುಟ್ಟಿದರೆ ತಕ್ಷಣ ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಮೂರು ದಿನ ಬಿಟ್ಟು ಕೇಳುವಾಗ ನಿಮ್ಮ ಕೆಮ್ಮೇ ಗ್ರೀಕ್ ಮಾತಾಗಿ ಕೇಳುತ್ತದೆ.

ಉಷ್ಣಮಾಪಕ ಎರಡು ಬಗೆಯದು ತನ್ನಿ. ಅತಿಗೆಂಪು ಕಿರಣದ ಗನ್ ತೋರಿಸುವುದು ಎದುರಿನ ಗೋಡೆಯ ಬಿಸಿಯನ್ನು, ಗಾಳಿಯದನ್ನಲ್ಲ. ‘ಗಾಳಿ ಒಮ್ಮೆಲೆ ತಣ್ಣಗಾಯಿತು’ ಎನ್ನುವ ವರದಿಗಳಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಇದೇ. ಗಾಳಿಗೆ ಸಾಮಾನ್ಯ ಡಿಜಿಟಲ್ ಮಾಪಕ ಬೇಕು.

ವಿದ್ಯುತ್ಕಾಂತ ಮಾಪಕವನ್ನು ಈ ಹಡಗಿನಲ್ಲಿ ನಂಬಿ ಕೂರಬೇಡಿ. ಸುತ್ತ ಇರುವುದೆಲ್ಲ ಕಾಂತಕ್ಕೆ ಅಂಟುವ ಉಕ್ಕು, ನಡುವೆ ದಡದ ವಿದ್ಯುತ್ತಿನ ಕೇಬಲ್‌ಗಳು. ಪಂಪು ಚಾಲೂ ಆದರೆ ಮುಳ್ಳು ಕುಣಿಯುತ್ತದೆ.

ಫೋಟೊದಲ್ಲಿ ಬರುವ ಬಿಳಿ ಉಂಡೆಗಳು ದೂಳು. ಫ್ಲ್ಯಾಶ್ ಲೆನ್ಸಿಗೆ ಹತ್ತಿರವಿದ್ದಷ್ಟೂ ಹೆಚ್ಚು ಕಾಣುತ್ತವೆ. ಟ್ರೈಪಾಡ್ ಹಾಕಿ, ಫ್ಲ್ಯಾಶ್ ಆರಿಸಿ, ದೀಪವನ್ನು ಒಂದು ಮೀಟರ್ ಪಕ್ಕಕ್ಕಿಟ್ಟು ಅದೇ ಚಿತ್ರ ಮತ್ತೆ ತೆಗೆಯಿರಿ, ಉಂಡೆ ಮಾಯವಾಗುತ್ತದೆ.

ಕೊನೆಗೆ, ಕಂಡದ್ದನ್ನು ಒಬ್ಬರಿಗೊಬ್ಬರು ಹೇಳುವ ಮೊದಲು ಪ್ರತಿಯೊಬ್ಬರೂ ಬೇರೆ ಬೇರೆ ಕುಳಿತು ಬರೆಯಬೇಕು. ‘ನಿನಗೂ ಹುಡುಗಿಯ ದನಿ ಕೇಳಿತಾ?’ ಎಂದು ಒಬ್ಬರು ಕೇಳಿದ ಕ್ಷಣ ಆ ರಾತ್ರಿಯ ಸಾಕ್ಷ್ಯವೆಲ್ಲ ಕೆಟ್ಟಿತು. ಸಾಧ್ಯವಾದರೆ ಗುಂಪಿನಲ್ಲಿ ಇಬ್ಬರು ಹಡಗಿನ ಕಥೆಗಳನ್ನು ಕೇಳದವರೇ ಇರಲಿ. ಇಬ್ಬರೂ ಅದೇ ಕೋಣೆಯಲ್ಲಿ ಅದೇ ಸಂಗತಿ ಬರೆದರೆ ಆಗ ಕುಳಿತು ಮಾತಾಡಬಹುದು.

ಮುಚ್ಚಿದ ಕೋಣೆಗಳೊಳಗೆ ಇಣುಕಿ ನೋಡಬಹುದೇ?

ಖಂಡಿತ ಕೂಡದು. ಹಡಗಿನಲ್ಲಿ ನಿಜವಾಗಿ ಪ್ರಾಣ ತೆಗೆಯುವುದು ಇದು. ಬಿಗಿಯಾಗಿ ಮುಚ್ಚಿದ ಉಕ್ಕಿನ ಕೋಣೆಯಲ್ಲಿ ತೇವವಿದ್ದರೆ ಗೋಡೆ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿಯುವಾಗ ಕೋಣೆಯ ಆಮ್ಲಜನಕವನ್ನೇ ತಿನ್ನುತ್ತದೆ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ಶೇ. 20.9. ಅದು ಶೇ. 19.5ಕ್ಕಿಂತ ಕೆಳಗಿಳಿದರೆ ಅಪಾಯದ ಲೆಕ್ಕ. ಶೇ. 6ರ ಹತ್ತಿರ ಬಂದರೆ ಎರಡು ಮೂರು ಉಸಿರಿನಲ್ಲಿ ಎಚ್ಚರ ತಪ್ಪುತ್ತದೆ. ವಾಸನೆ ಇಲ್ಲ, ಮುನ್ಸೂಚನೆ ಇಲ್ಲ. ಒಬ್ಬರು ಬಿದ್ದದ್ದನ್ನು ಕಂಡು ಎತ್ತಲು ಹೋದ ಎರಡನೆಯವರೂ ಬೀಳುತ್ತಾರೆ. ನಮ್ಮೂರ ಹಾಳು ಬಾವಿಗಳಲ್ಲಿ, ಮ್ಯಾನ್‌ಹೋಲ್‌ಗಳಲ್ಲಿ ಆಗುವ ದುರಂತದ ರೀತಿಯೇ. ಸಿಬ್ಬಂದಿ ತೆರೆದಿಟ್ಟ ದಾರಿ ಬಿಟ್ಟು ಒಂದು ಹೆಜ್ಜೆಯೂ ಬೇಡ. ಆ ಕಾಲದ ಹಡಗುಗಳಲ್ಲಿ ಸೀಸದ ಬಣ್ಣ, ಕೊಳವೆಗಳಿಗೆ ಕಲ್ನಾರಿನ ಹೊದಿಕೆ ಸಾಮಾನ್ಯ. ಅವನ್ನು ಕೆರೆಯಬೇಡಿ, ಮುಟ್ಟಬೇಡಿ.

ಏಣಿಗಳು ಕಡಿದು. ಇಳಿಯುವಾಗ ಏಣಿಗೆ ಮುಖ ಮಾಡಿ, ಎರಡೂ ಕೈ ಹಿಡಿದು ಇಳಿಯಿರಿ. ಸೀರೆ, ಪಂಚೆ, ಚಪ್ಪಲಿ ಇದಕ್ಕೆ ಆಗುವುದಿಲ್ಲ.

ಸೇಲಂ ಒಂದು ಸಿನಿಮಾದಲ್ಲಿ ಜರ್ಮನ್ ಹಡಗಾಗಿ ನಟಿಸಿದೆಯಂತೆ?

ಹೌದು. 1956ರ ‘ದಿ ಬ್ಯಾಟಲ್ ಆಫ್ ದಿ ರಿವರ್ ಪ್ಲೇಟ್’ ಚಿತ್ರದಲ್ಲಿ ಅದು ಅಡ್ಮಿರಲ್ ಗ್ರಾಫ್ ಸ್ಪೀ ಎಂಬ ಜರ್ಮನ್ ನೌಕೆಯ ಪಾತ್ರ ವಹಿಸಿತು. ನಿಜವಾದ ಗ್ರಾಫ್ ಸ್ಪೀ 1939ರ ಡಿಸೆಂಬರ್ 13ರಂದು ಮೂರು ಕ್ರೂಸರ್‌ಗಳೊಂದಿಗೆ ಕಾದಾಡಿ, 17ರಂದು ಮಾಂಟೆವಿಡಿಯೊ ಹತ್ತಿರ ತನ್ನವರಿಂದಲೇ ಮುಳುಗಿತು. ಚಿತ್ರ ನೋಡುವಾಗ ಟರೆಟ್ ಎಣಿಸಿ: ಗ್ರಾಫ್ ಸ್ಪೀಗೆ ಮುಂದೊಂದು ಹಿಂದೊಂದು, ಸೇಲಂಗೆ ಮುಂದೆರಡು ಹಿಂದೊಂದು. ಹಡಗಿನ ಬದಿಯಲ್ಲಿ ಸೇಲಂನದೇ ಗುರುತಿನ ಸಂಖ್ಯೆ 139 ಕೂಡ ಕಾಣುತ್ತದೆ.

ನಮಗೆ ಹತ್ತಿರದ ಸಂಗತಿ ಬೇರೊಂದಿದೆ. ಆ ಕಾಳಗದಲ್ಲಿ ನಿಜವಾಗಿ ಹೋರಾಡಿದ್ದ ಅಕಿಲೀಸ್ ಎಂಬ ಕ್ರೂಸರ್ 1948ರಲ್ಲಿ ಭಾರತಕ್ಕೆ ಬಂದು ‘ದೆಹಲಿ’ಯಾಯಿತು. ಚಿತ್ರದಲ್ಲಿ ಅದು ತನ್ನ ಪಾತ್ರವನ್ನು ತಾನೇ ಮಾಡಿತು. ಅಂದರೆ ಸೇಲಂನ ಎದುರು ತೋಪು ತಿರುಗಿಸಿ ನಿಂತ ಹಡಗುಗಳಲ್ಲಿ ಒಂದು ಭಾರತೀಯ ನೌಕಾಪಡೆಯದು! ಐಎನ್‌ಎಸ್ ದೆಹಲಿ 1978ರಲ್ಲಿ ನಿವೃತ್ತಿಯಾಯಿತು. ಅದರ ಒಂದು ಟರೆಟ್ ನ್ಯೂಜಿಲೆಂಡಿನ ಡೆವನ್‌ಪೋರ್ಟ್ ನೌಕಾನೆಲೆಯಲ್ಲಿದೆ.

ಕರ್ನಾಟಕದ ಹೆಸರಿನ ಕ್ರೂಸರ್ ಇತ್ತೇ?

ಐಎನ್‌ಎಸ್ ಮೈಸೂರು. ಮೊದಲು ಬ್ರಿಟನ್ನಿನ ‘ನೈಜೀರಿಯಾ’ ಎಂಬ ಹಡಗು, 1957ರ ಆಗಸ್ಟ್ 29ರಂದು ಭಾರತದ್ದಾಯಿತು, 1985ರವರೆಗೆ ದುಡಿಯಿತು. 1961ರ ಡಿಸೆಂಬರ್ 18ರಂದು ಕಾರವಾರದೆದುರಿನ ಅಂಜದೀವ್ ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸುವಾಗ ಮೈಸೂರು ಮತ್ತು ತ್ರಿಶೂಲ್ ಅಲ್ಲಿದ್ದವು. ಏಳು ಭಾರತೀಯ ನಾವಿಕರು ಆ ಕಾರ್ಯಾಚರಣೆಯಲ್ಲಿ ಪ್ರಾಣ ಕೊಟ್ಟರು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಧ್ವಜನೌಕೆಯೂ ಇದೇ. ಅದನ್ನು ಒಡೆದದ್ದಾಯಿತು, ನಿಂತು ನೋಡಲು ಡೆಕ್ ಇಲ್ಲ. ಆ ಕಾಲದ ಕ್ರೂಸರ್‌ನ ಒಳಗೆ ಬದುಕು ಹೇಗಿತ್ತೆಂದು ಕಣ್ಣಾರೆ ಕಾಣಬೇಕಾದರೆ ಸೇಲಂ, ಲಂಡನ್ನಿನ ಬೆಲ್‌ಫಾಸ್ಟ್‌ನಂಥ ಕೆಲವೇ ಹಡಗುಗಳಿವೆ.

ಹಡಗಿನ ದಾಖಲೆಯನ್ನು ನಾನೇ ನೋಡುವುದು ಹೇಗೆ?

ಡೆಕ್ ಲಾಗ್ ಕೇಳಿ. ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಆ ಕಾಲದ ಲಾಗ್‌ಗಳಿವೆ. ಪತ್ರದಲ್ಲಿ ಹಡಗಿನ ಹೆಸರಿನ ಜೊತೆ ಸಿಎ-139 ಎಂಬ ಸಂಖ್ಯೆ ಬರೆಯಲೇಬೇಕು, ಏಕೆಂದರೆ 1908ರಲ್ಲಿ ಸೇವೆಗೆ ಸೇರಿದ ಇನ್ನೊಂದು ಸೇಲಂ ಕೂಡ ಇತ್ತು, ಅದೂ ಕ್ರೂಸರ್, ಅದನ್ನು ಕಟ್ಟಿದ್ದೂ ಫೋರ್ ರಿವರ್‌ನಲ್ಲೇ. ‘1950ರ ದಶಕದ್ದೆಲ್ಲ ಕಳಿಸಿ’ ಎಂದರೆ ಕೆಲಸವಾಗದು. ತಿಂಗಳು, ವರ್ಷ ನಮೂದಿಸಿ: 1953ರ ಆಗಸ್ಟ್.

ಪುಟ ಕೈಗೆ ಬಂದಾಗ ಓದುವ ಕ್ರಮ ಹೀಗಿದೆ. ದಿನವನ್ನು ಪಾಳಿಗಳಾಗಿ ಹಂಚಿರುತ್ತಾರೆ: ಮಧ್ಯರಾತ್ರಿಯಿಂದ 4, 4ರಿಂದ 8, 8ರಿಂದ 12, 12ರಿಂದ 16, ಆಮೇಲೆ ಎರಡು ಗಂಟೆಯ ಎರಡು ಸಣ್ಣ ಪಾಳಿ, ಕೊನೆಗೆ 20ರಿಂದ 24. ಪಾಳಿಯ ಅಧಿಕಾರಿ ಕೊನೆಯಲ್ಲಿ ಸಹಿ ಮಾಡಿರುತ್ತಾನೆ. ಹಡಗು ಎಲ್ಲಿ ಲಂಗರು ಹಾಕಿತು, ಯಾವ ದೋಣಿ ಎಷ್ಟು ಹೊತ್ತಿಗೆ ಹೊರಟಿತು, ಯಾರು ಹತ್ತಿದರು, ಯಾರಿಗೆ ಗಾಯವಾಯಿತು ಎಂಬುದು ಸಿಗುತ್ತದೆ. ರೋಗಿಗಳ ವಿವರ ವೈದ್ಯಕೀಯ ಪುಸ್ತಕದ್ದು, ಅದು ಬೇರೆ. ಭಾವನೆ, ಭಯ, ಕನಸು ಯಾವುದನ್ನೂ ಲಾಗ್‌ನಲ್ಲಿ ಬರೆಯುವುದಿಲ್ಲ. ಆಗಸ್ಟ್ 12ರಿಂದ 18ರವರೆಗಿನ ಏಳು ದಿನದ ಪುಟಗಳನ್ನು ಮಾತ್ರ ಮೊದಲು ಓದಿ, ದೋಣಿಗಳು ಹೋಗಿ ಬಂದ ಹೊತ್ತನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಳ್ಳಿ.

ಭೇಟಿ ಕೊಡುವುದು ಹೇಗೆ?

ಬಾಸ್ಟನ್‌ನಿಂದ ರೆಡ್ ಲೈನ್ ರೈಲಿನಲ್ಲಿ ಕ್ವಿನ್ಸಿ ಸೆಂಟರ್‌ಗೆ ಬಂದು, ಅಲ್ಲಿಂದ ಬಸ್ ಅಥವಾ ಕ್ಯಾಬ್. ತೆರೆದಿರುವ ದಿನ ಋತುವಿಗೆ ತಕ್ಕಂತೆ ಬದಲಾಗುತ್ತದೆ. 2013ರಲ್ಲಿ ಜೆಟ್ಟಿ ಸುರಕ್ಷಿತವಲ್ಲವೆಂದು ಸಾರ್ವಜನಿಕ ಪ್ರವೇಶವೇ ನಿಂತುಹೋಗಿತ್ತು, ಆಮೇಲೆ ಮತ್ತೆ ತೆರೆಯಿತು. ಆದ್ದರಿಂದ ಹೊರಡುವ ಹಿಂದಿನ ದಿನ ವಿಚಾರಿಸಿ. ಚಳಿಗಾಲದಲ್ಲಿ ಹೋದರೆ ಒಳಗೆ ಹೊರಗಿಗಿಂತ ಹೆಚ್ಚು ಚಳಿ, ದಪ್ಪ ಅಂಗಿ ಬೇಕು. ಟರೆಟ್‌ನ ಒಳಗೂ ಅಡುಗೆಮನೆಗೂ ಕನಿಷ್ಠ ಎರಡು ಗಂಟೆ ಇಟ್ಟುಕೊಳ್ಳಿ. ಸಿಕ್ ಬೇ (ಚಿಕಿತ್ಸಾ ಕೋಣೆ) ತಲುಪಿದಾಗ ಶಸ್ತ್ರಚಿಕಿತ್ಸೆಯ ಕೋಣೆಯ ಅಗಲವನ್ನು ಹೆಜ್ಜೆಯಲ್ಲಿ ಅಳೆದು ನೋಡಿ. ನೆಲಸಮವಾದ ಊರುಗಳಿಗೆ ಅಂದು ಹಡಗು ಕೊಡಬಲ್ಲ ಜಾಗ ಎಷ್ಟಿತ್ತು ಎಂಬುದು ಅಲ್ಲಿ ನಿಂತಾಗ ಗೊತ್ತಾಗುತ್ತದೆ.